ಚುಕ್ಕಿಗಳ ಹಿಂದಿನ ಅಧಿಕಾರ: ಲಿಂಗಸುಗೂರಿನಿಂದ ಕಂಡ ಡೊಮೇನ್ ಚರಿತ್ರೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ಪುರಸಭೆಯ ಜಾಲತಾಣದ ವಿಳಾಸವನ್ನು ಬಲದಿಂದ ಎಡಕ್ಕೆ ಓದಿದರೆ ಆಡಳಿತದ ಮೆಟ್ಟಿಲುಗಳೇ ಕಾಣುತ್ತವೆ. ಬಲತುದಿಯಲ್ಲಿ ‘ಇನ್’, ಅದರ ಎಡಕ್ಕೆ ‘ಗವ್’, ಆಮೇಲೆ ‘ಎಂಆರ್‌ಸಿ’, ಎಲ್ಲಕ್ಕಿಂತ ಎಡಗಡೆ ಊರಿನ ಹೆಸರು. ‘ಇನ್’ ಭಾರತದ್ದು, ‘ಗವ್’ ಸರ್ಕಾರದ್ದು, ‘ಎಂಆರ್‌ಸಿ’ ಬೆಂಗಳೂರಿನ ಪೌರ ಸುಧಾರಣಾ ಕೋಶದ್ದು. ಸಿಂಧನೂರು, ಮಸ್ಕಿಗಳ ವಿಳಾಸವೂ ಇದೇ ಸಾಲಿನದು. ನಡುವಿನ ಒಂದೊಂದು ಚುಕ್ಕಿಯಲ್ಲೂ ಹೆಸರಿನ ಮೇಲಿನ ಅಧಿಕಾರ ಒಬ್ಬರಿಂದ ಇನ್ನೊಬ್ಬರಿಗೆ ದಾಟಬಹುದು. ದಾಟಿದ್ದಕ್ಕೆ ಇರುವ ದಾಖಲೆ, ಯಾವ ಹೆಸರು ಎಲ್ಲಿದೆ ಎಂದು ತಿಳಿಸುವ ನೇಮ್ ಸರ್ವರ್ ಎಂಬ ಯಂತ್ರದಲ್ಲಿರುತ್ತದೆ.

ಆರಂಭದಲ್ಲಿ ಇಂಥ ಮೆಟ್ಟಿಲುಗಳೇ ಇರಲಿಲ್ಲ. ಇಂಟರ್ನೆಟ್‌ಗೂ ಮುಂಚಿನ ಜಾಲವಾದ ಅಮೆರಿಕದ ಅರ್ಪಾನೆಟ್‌ನಲ್ಲಿ ಯಂತ್ರಗಳ ಹೆಸರು, ಅವುಗಳ ಸಂಖ್ಯೆ ಎರಡೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ತಿದ್ದಿ ಇಡುತ್ತಿತ್ತು. ಉಳಿದವರು ಆಗಾಗ ನಕಲು ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಕಡತ ಉದ್ದವಾಯಿತು, ನಕಲುಗಳು ಹಳಸಿದವು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಬೇರೆ ದಾರಿ ಸೂಚಿಸಿದರು. ಎಲ್ಲ ಹೆಸರನ್ನೂ ಒಬ್ಬರೇ ಇಟ್ಟುಕೊಳ್ಳುವುದು ಬೇಡ. ಮೇಲಿನವರಿಗೆ ‘ಮುಂದಿನದನ್ನು ಅವರಲ್ಲಿ ಕೇಳಿ’ ಎನ್ನುವಷ್ಟು ಗೊತ್ತಿದ್ದರೆ ಸಾಕು. ಮರುವರ್ಷ ಬರ್ಕ್‌ಲಿಯ ನಾಲ್ವರು ವಿದ್ಯಾರ್ಥಿಗಳು ಇದೇ ದಾರಿಯ ನೇಮ್ ಸರ್ವರ್ ನಡೆಸುವ ಬೈಂಡ್ ಎಂಬ ತಂತ್ರಾಂಶ ಬರೆದರು. 1987ರಲ್ಲಿ ಪರಿಷ್ಕೃತ ನಿಯಮಗಳು ಬಂದವು; ಇಂದಿನ ವ್ಯವಸ್ಥೆ ನಿಂತಿರುವುದು ಅವುಗಳ ಮೇಲೆಯೇ.

ಭಾರತಕ್ಕೆ ‘ಡಾಟ್ ಇನ್’ ಸಿಕ್ಕಿದ್ದು 1989ರ ಮೇ ತಿಂಗಳಲ್ಲಿ. ಜನಸಾಮಾನ್ಯರಿಗೆ ಇಂಟರ್ನೆಟ್ ಬರಲು 1995ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು. ಮುಂಬೈನ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ‘ಡಾಟ್ ಇನ್’ ಹೆಸರು ಹಂಚುತ್ತಿತ್ತು, ನಿಯಮ ಬಿಗಿಯಾಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ‘ಡಾಟ್ ಕಾಮ್’ ಹೆಸರಿಗೆ ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಶುರುವಾಯಿತು. ಆಗಿನ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಗೂ ಮಿಗಿಲು. ಆದರೂ ಕನ್ನಡಿಗರು ಆ ಕಡೆಗೇ ಹೊರಳಿದರು. ಯು. ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ ಅಂತರಜಾಲ ಪತ್ರಿಕೆ ‘ವಿಶ್ವಕನ್ನಡ’ದ ವಿಳಾಸವೂ ‘ಡಾಟ್ ಕಾಮ್’ ಆಗಿಯೇ ಉಳಿಯಿತು. ಸ್ವಂತ ದೇಶದ ಹೆಸರಿಗಿಂತ ಪರದೇಶದ ಹೆಸರು ಸುಲಭವಾಗಿದ್ದ ಕಾಲ ಅದು.

ಬಾಗಿಲು ತೆರೆದದ್ದು 2005ರಲ್ಲಿ. ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಸಂಸ್ಥೆಯಾದ ನಿಕ್ಸಿಯ ಉಸ್ತುವಾರಿಯಲ್ಲಿ ‘ಡಾಟ್ ಇನ್’ ಯಾರಿಗಾದರೂ ಸಿಗುವಂತಾಯಿತು. ಕರ್ನಾಟಕ ಜ್ಞಾನ ಆಯೋಗದ ಅಂತರಜಾಲ ಜ್ಞಾನಕೋಶ ‘ಕಣಜ’ ಈ ಹೆಸರಿನಲ್ಲೇ ಬಂತು. ಆದರೆ ಸರ್ಕಾರಿ ತಾಣಗಳು ಸರ್ಕಾರಿ ಡೊಮೇನ್‌ನಲ್ಲಿಯೇ ಇರಬೇಕೆಂಬ ಒತ್ತು ಬಂದ ಮೇಲೆ ಕಣಜವೂ ‘ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಅಡಿಗೆ ಹೋಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಕಂಪನಿಯದೂ ಅದೇ ದಾರಿ: ಮೊದಲು ‘ಕೋ ಡಾಟ್ ಇನ್’, ನಂತರ ರಾಜ್ಯ ಸರ್ಕಾರದ ಹೆಸರಿನಡಿ. ನಕಲಿ ತಾಣಗಳಿಂದ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ಹಳೆಯ ಹೆಸರನ್ನು ಕೈಬಿಟ್ಟರೆ ಪುಸ್ತಕ, ಲೇಖನಗಳಲ್ಲಿ ಅಚ್ಚಾದ ವಿಳಾಸಗಳು ಅನಾಥವಾಗುತ್ತವೆ. ಆ ನಷ್ಟದ ಲೆಕ್ಕ ಯಾವ ಇಲಾಖೆಯ ಕಡತಕ್ಕೂ ಬರುವುದಿಲ್ಲ.

ಚರಿತ್ರೆ ಇಷ್ಟಾಯಿತು; ಈಗ ಸಿಂಧನೂರಿನ ಅಕ್ಕಿ ಗಿರಣಿಯೊಂದು ಜಾಲತಾಣ ಮಾಡಿಸುತ್ತದೆ ಎನ್ನೋಣ. ಹೆಸರು ಕೊಂಡ ಮೇಲೆ ನೋಂದಣಿ ಕಂಪನಿಯ ಪುಟದಲ್ಲಿ ನೇಮ್ ಸರ್ವರ್ ಎಂಬ ಖಾನೆಗಳಿರುತ್ತವೆ. ಅಲ್ಲಿ ಕನಿಷ್ಠ ಎರಡು ಹೆಸರು ತುಂಬಬೇಕು. ಎರಡೇಕೆ? 1987ರ ನಿಯಮವೇ ಹಾಗಿದೆ. ಒಂದು ಕೆಟ್ಟರೆ ಇನ್ನೊಂದು ಉತ್ತರಿಸಲಿ ಎಂದು. 1997ರ ಇನ್ನೊಂದು ದಾಖಲೆ ಎರಡನ್ನೂ ಒಂದೇ ಕಟ್ಟಡದಲ್ಲಿ, ಒಂದೇ ಜಾಲದಲ್ಲಿ ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿತು. ಕರೆಂಟ್ ಹೋದರೆ ಎರಡಕ್ಕೂ ಒಟ್ಟಿಗೇ ಹೋಗುತ್ತದಲ್ಲ!

ಇಲ್ಲೊಂದು ಚೆಂದದ ತೊಡಕಿದೆ. ಗಿರಣಿಯವರು ನೇಮ್ ಸರ್ವರ್‌ಗೂ ತಮ್ಮ ಡೊಮೇನ್‌ನ ಅಡಿಯಲ್ಲೇ ಹೆಸರಿಟ್ಟರೆ, ತಾಣ ಎಲ್ಲಿದೆ ಎಂದು ತಿಳಿಯಲು ಆ ಸರ್ವರನ್ನು ಕೇಳಬೇಕು. ಸರ್ವರ್ ಎಲ್ಲಿದೆ ಎಂದು ತಿಳಿಯಲು ಅದೇ ಸರ್ವರನ್ನು ಕೇಳಬೇಕು. ಈ ಸುತ್ತು ಬಿಡಿಸಲು ಮೇಲಿನ ಹಂತದ ನೋಂದಣಿಯಲ್ಲಿ ಸರ್ವರ್‌ನ ಐಪಿ ಸಂಖ್ಯೆಯನ್ನೂ ಬರೆಸುತ್ತಾರೆ. ಇದಕ್ಕೆ ಗ್ಲೂ ರೆಕಾರ್ಡ್ ಎನ್ನುತ್ತಾರೆ. ಹೋಸ್ಟಿಂಗ್ ಕಂಪನಿಯ ಸರ್ವರ್ ಬಳಸುವವರಿಗೆ ಈ ತಲೆನೋವಿಲ್ಲ. ಅವರು ನೋಡಬೇಕಾದದ್ದು ತಾಣಕ್ಕೆ ‘ಎ’ ದಾಖಲೆ, ಅಂಚೆಗೆ ‘ಎಂಎಕ್ಸ್’ ದಾಖಲೆ, ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎನ್ನುವ ಟಿಟಿಎಲ್. ಟಿಟಿಎಲ್ 86400 ಸೆಕೆಂಡ್ ಇದ್ದರೆ, ಸರ್ವರ್ ಬದಲಿಸಿದ ಮೇಲೂ ಒಂದು ದಿನದವರೆಗೆ ಕೆಲವರಿಗೆ ಹಳೆಯ ತಾಣವೇ ಕಾಣಬಹುದು. ತಿಳಿದವರು ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸುತ್ತಾರೆ.

ಹೆಸರು ಕನ್ನಡದಲ್ಲೇ ಇದ್ದರೆ? ದೇವನಾಗರಿಯ ‘ಭಾರತ್’ 2014ರಲ್ಲಿ ಬಳಕೆಗೆ ತೆರೆಯಿತು, ಕನ್ನಡದ ‘.ಭಾರತ’ ಆಮೇಲೆ ಬಂತು. ನೇಮ್ ಸರ್ವರ್ ಮಾತ್ರ ಕನ್ನಡ ಅಕ್ಷರ ನೋಡುವುದೇ ಇಲ್ಲ. ಅದರ ಪಾಲಿಗೆ ‘ಭಾರತ’ ಎಂದರೆ ಎಕ್ಸ್, ಎನ್, ಎರಡು ಅಡ್ಡಗೆರೆ, ಬಳಿಕ 2, ಎಸ್, ಸಿ, ಆರ್, ಜೆ, 9, ಸಿ. ಕನ್ನಡ, ತೆಲುಗು ಅಕ್ಷರಗಳ ಹೋಲಿಕೆ ಮೋಸಕ್ಕೆ ದಾರಿಯಾಗಬಾರದೆಂದು, 2019ರಲ್ಲಿ ರೂಪುಗೊಂಡ ಮೂಲ ವಲಯದ (ರೂಟ್ ಜೋನ್, ಅಂದರೆ ಎಲ್ಲ ಡೊಮೇನ್‌ಗಳ ಮೇಲಿನ ಹಂತದ) ನಿಯಮಗಳು ಎರಡೂ ಲಿಪಿಗಳ ಸಮರೂಪಗಳನ್ನು ಗುರುತಿಸಿವೆ. ತೆಲುಗು ಗಡಿಗೆ ಹತ್ತಿರದ ರಾಯಚೂರು ಸೀಮೆಯವರಿಗೆ ಈ ಎಚ್ಚರಿಕೆಯ ಅಗತ್ಯ ಬೇಗ ಅರ್ಥವಾದೀತು.

ಸಣ್ಣ ಊರಿನ ಅಂಗಡಿ, ಶಾಲೆ, ಸಂಘಗಳ ತಾಣಗಳು ಮುಚ್ಚಿಹೋಗಲು ಸರ್ವರ್ ಕೆಡುವುದೇ ಬೇಕಿಲ್ಲ. ತಾಣ ಮಾಡಿಕೊಟ್ಟವರು ಡೊಮೇನನ್ನು ತಮ್ಮ ಖಾತೆಯಲ್ಲೇ ಇಟ್ಟುಕೊಂಡು, ನವೀಕರಣದ ಹೊತ್ತಿಗೆ ಕೈಗೆ ಸಿಗದಿದ್ದರೆ ಮುಗಿಯಿತು. ವಿನ್ಯಾಸ, ಬಣ್ಣ, ಚಿತ್ರಗಳ ಮಾತು ಆಮೇಲೆ ಇರಲಿ. ಹಣ ಕೊಡುವ ಮುಂಚೆ ನೋಂದಣಿ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರಿನಲ್ಲಿದೆಯೇ ನೋಡಿ. ನೇಮ್ ಸರ್ವರ್ ಬದಲಿಸುವ ಪುಟದ ಪಾಸ್‌ವರ್ಡನ್ನು ಕೇಳಿ ಪಡೆಯಿರಿ.