ಗೋಡೆಯಿಲ್ಲದವರ ಗೋಡೆ



ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಆತ ಈಗ ನಮ್ಮ ಭಾಗದಲ್ಲಿಯೇ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. "ಸರ್, ನಮ್ಮ ಸಾಲಿ ಪಡಸಾಲ್ಯಾಗ ತಿಂಗಳಿಗೊಮ್ಮಿ ಹುಡುಗರ ಚಿತ್ರ ಪ್ರದರ್ಶನ ಇಡಾಕತ್ತೀನ್ರಿ. ವರ್ಷ ತುಂಬಾಕ ಬಂತು. ಕಡೀ ಪ್ರದರ್ಶನಕ್ಕ ನೀವು ಬರಬೇಕ್ರಿ, ನಾಕು ಮಾತು ಆಡಬೇಕ್ರಿ" ಎಂದ. ನಾನು ಇತಿಹಾಸ ಕಲಿಸಿದವನು, ಚಿತ್ರಕಲೆಯ ಬಗ್ಗೆ ಏನು ಮಾತನಾಡಲಿ ಎಂದು ಕೇಳಿದೆ. "ಇತಿಹಾಸಾನೇ ಹೇಳ್ರಿ ಸರ್. ಚಿತ್ರ ಯಾಕ ತೋರಿಸಬೇಕು ಅಂತ ಇಲ್ಲಿ ಭಾಳ ಮಂದಿ ಕೇಳತಾರ" ಎಂದು ಉತ್ತರಿಸಿದ.

ಆ ಪ್ರಶ್ನೆ ನನ್ನನ್ನು ಒಂದು ಕ್ಷಣ ಸುಮ್ಮನಾಗಿಸಿತು. ಏಕೆಂದರೆ ಹಾಗೆ ಕೇಳುವವರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ನಿಂತಿದ್ದೆ. ನನ್ನ ಕೈಯಲ್ಲಿ ಕಲಿತವರಿಗೆ ಇದು ನೆನಪಿರಬಹುದು. ಫೆಬ್ರುವರಿ ಬಂದಿತೆಂದರೆ ಹತ್ತನೆಯ ತರಗತಿಯ ಪಾಠ ಮುಗಿಸುವ ಅವಸರದಲ್ಲಿ ನಾನು ಡ್ರಾಯಿಂಗ್ ಮಾಸ್ತರರ ಬಳಿ ಹೋಗಿ ಅವರ ಪೀರಿಯಡ್ಡನ್ನು ಕೇಳಿ ಪಡೆಯುತ್ತಿದ್ದೆ. ಅವರು ಸಜ್ಜನರು, ಎಂದೂ ಇಲ್ಲವೆನ್ನಲಿಲ್ಲ. ವಾರಕ್ಕೆ ಒಂದೆರಡು ಬಾರಿ ಬಣ್ಣದ ಡಬ್ಬಿ ತೆರೆದು ಕುಳಿತ ಮಕ್ಕಳು ಅದನ್ನು ಮುಚ್ಚಿ, ಎರಡನೆಯ ಮಹಾಯುದ್ಧದ ಪರಿಣಾಮಗಳನ್ನು ಬರೆದುಕೊಳ್ಳುತ್ತಿದ್ದರು. ಈಗ ಕರೆ ಮಾಡಿದ ಹುಡುಗನು ಆ ತರಗತಿಯ ಮೂರನೆಯ ಸಾಲಿನಲ್ಲಿ ಕುಳಿತಿರುತ್ತಿದ್ದ. ಅವನ ಇತಿಹಾಸದ ನೋಟ್‌ಬುಕ್ಕಿನ ಅಂಚಿನ ತುಂಬ ಎತ್ತುಗಳು, ಗುಂಬಜಗಳು ಇರುತ್ತಿದ್ದವು. ನಾನು ಕೆಂಪು ಮಸಿಯಲ್ಲಿ 'ಇದು ಬೇಡ' ಎಂದು ಬರೆದದ್ದೂ ಉಂಟು.

ಈ ಲೇಖನವನ್ನು ಆ ಹುಡುಗನಿಗೆ ಕೊಡಬೇಕಾದ ಉತ್ತರವಾಗಿ ಬರೆಯುತ್ತಿದ್ದೇನೆ.

ಆತ ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳನ್ನು ಮುಗಿಸಿ, ಕಲಾ ಶಿಕ್ಷಣ ಪಡೆದು, ಶಿಕ್ಷಕನಾದ. 2011ರಲ್ಲಿ ತನ್ನಂತೆಯೇ ಚಿತ್ರಕಲಾ ಶಿಕ್ಷಕರಾಗಿದ್ದ ಮೂವರು ಗೆಳೆಯರೊಡನೆ ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯಲ್ಲಿ ಪ್ರದರ್ಶನ ಏರ್ಪಡಿಸಿದ. ನನ್ನನ್ನು ಒತ್ತಾಯಿಸಿ ಕರೆದುಕೊಂಡು ಹೋದ. ಹಳೆಯ ಚಾದರಗಳಲ್ಲಿ ಸುತ್ತಿ ಹಗ್ಗ ಬಿಗಿದ ಚಿತ್ರಗಳೊಂದಿಗೆ ರಾತ್ರಿ ಬಸ್ಸಿನಲ್ಲಿ ಹೊರಟೆವು. ಕಂಡಕ್ಟರು ಅವಕ್ಕೂ ಲಗೇಜಿನ ಟಿಕೆಟ್ಟು ಹರಿದ. "ಏನ್ರೀ ಇವು, ಕಿಟಕಿ ಬಾಗಿಲೇನು?" ಎಂದು ಕೇಳಿದ. ಬೆಳಗಿನ ಜಾವದವರೆಗೆ ಆ ನಾಲ್ವರಲ್ಲಿ ಒಬ್ಬರೂ ನಿದ್ರಿಸಲಿಲ್ಲ. ಸರದಿಯ ಮೇಲೆ ಎದ್ದು ಚಿತ್ರಗಳನ್ನು ಮುಟ್ಟಿ ನೋಡುತ್ತಿದ್ದರು.

ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಸ್ಥಾಪಿತವಾದ ಸರಕಾರಿ ವಸ್ತುಸಂಗ್ರಹಾಲಯವಿದೆ. ಅದರ ಪಕ್ಕದಲ್ಲಿಯೇ ಈ ಚಿತ್ರಶಾಲೆ. ಹಿಂದೆ ಕಬ್ಬನ್ ಉದ್ಯಾನದ ಮರಗಳು. ಕೆ. ವೆಂಕಟಪ್ಪನವರ ಹೆಸರನ್ನು ಆವರೆಗೆ ನಾನು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಮಾತ್ರ ಓದಿದ್ದೆ. ಹುಡುಗರು ಮೊಳೆ ಹೊಡೆದು ದಾರ ಕಟ್ಟುತ್ತಿದ್ದಾಗ ನಾನು ಇತರ ಕೋಣೆಗಳನ್ನು ಸುತ್ತಾಡಿದೆ. ಹಿಂದಿರುಗಿದ ಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ವೆಂಕಟಪ್ಪನವರು 1886ರಲ್ಲಿ ಮೈಸೂರು ಸಂಪ್ರದಾಯದ ಚಿತ್ರಗಾರರ ಮನೆತನದಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಮದ್ರಾಸಿನಲ್ಲಿಯೂ, ಅನಂತರ ಕಲ್ಕತ್ತೆಯ ಸರಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿಯೂ ಕಲಿತರು. ನಂದಲಾಲ ಬಸು ಅವರ ಸಹಪಾಠಿ. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು, 1913ರಲ್ಲಿ ಪ್ರಕಟವಾದ ಹಿಂದೂ ಮತ್ತು ಬೌದ್ಧ ಪುರಾಣಕಥೆಗಳ ಪ್ರಸಿದ್ಧ ಗ್ರಂಥಕ್ಕೆ ಚಿತ್ರ ಬರೆದವರಲ್ಲಿ ನಮ್ಮ ಈ ಕನ್ನಡಿಗರೂ ಒಬ್ಬರು. ಮೈಸೂರಿಗೆ ಮರಳಿದ ಬಳಿಕ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿಯತೊಡಗಿದರು. ಆ ಅಭ್ಯಾಸದಲ್ಲಿ ಎಷ್ಟು ಮುಳುಗಿದರೆಂದರೆ, ತಮ್ಮ ವೀಣೆಯ ಹುಚ್ಚನ್ನೇ ವಸ್ತುವಾಗಿಸಿ ಒಂದು ಚಿತ್ರ ಬರೆದರು. ಊಟಿ, ಕೊಡೈಕನಾಲುಗಳ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಗಚ್ಚಿನ ಉಬ್ಬುಶಿಲ್ಪಗಳನ್ನು ಮಾಡಿದರು. ಮದುವೆಯಾಗಲಿಲ್ಲ. 1940ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಅರಮನೆಯ ಕೆಲಸ ನಿಂತಿತು. ಆ ವಿಷಯವಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಬೆಂಗಳೂರಿಗೆ ಬಂದು ಒಂಟಿಯಾಗಿ ಬಾಳಿ, 1965ರಲ್ಲಿ ನಿಧನರಾದರು. ಅವರ ಕೃತಿಗಳಿಗೊಂದು ಶಾಶ್ವತ ನೆಲೆ ಬೇಕೆಂಬ ಒತ್ತಾಸೆಯಿಂದ 1970ರ ದಶಕದಲ್ಲಿ ಸರಕಾರವು ಈ ಚಿತ್ರಶಾಲೆಯನ್ನು ತೆರೆಯಿತು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ.ಕೆ. ಹೆಬ್ಬಾರರ ಕೃತಿಗಳಿಗೂ ಅಲ್ಲಿ ಸ್ಥಳ ದೊರೆಯಿತು.

ಆದರೆ ಆ ಕಟ್ಟಡದ ನಿಜವಾದ ಮಹತ್ವ ಇನ್ನೊಂದಿತ್ತು. ಕಾಯಂ ಸಂಗ್ರಹದ ಜೊತೆಗೆ, ಕಡಿಮೆ ಬಾಡಿಗೆಗೆ ಯಾವ ಕಲಾವಿದನಿಗೂ ಸಿಗಬಹುದಾದ ಪ್ರದರ್ಶನಾಂಗಣಗಳೂ ಅಲ್ಲಿದ್ದವು. ಖಾಸಗಿ ಗ್ಯಾಲರಿಯವರು ಹೆಸರು ಕೇಳುತ್ತಾರೆ. ಇಲ್ಲಿ ಅರ್ಜಿ ಹಾಕಿ, ಬಾಡಿಗೆ ಕಟ್ಟಿ, ಸರದಿಗಾಗಿ ಕಾಯ್ದರೆ ಸಾಕಾಗಿತ್ತು.

ಅಲ್ಲಿನ ಕಾವಲುಗಾರರೊಬ್ಬರೊಡನೆ ಮಧ್ಯಾಹ್ನದ ಹೊತ್ತು ಮಾತಿಗೆ ಕುಳಿತೆ. ಅವರು ಒಂದು ವರ್ಷದ ಲೆಕ್ಕವನ್ನೇ ಒಪ್ಪಿಸಿದರು. "ಗೋಡೆ ಖಾಲಿ ಇರೋದೇ ಕಮ್ಮಿ ಸಾರ್. ಒಬ್ರು ಇಳಿಸ್ತಾರೆ, ಇನ್ನೊಬ್ರು ಏರಿಸ್ತಾರೆ" ಎಂದರು. ಓದು ಮುಗಿಸಿ ಹೊರಬಂದ ಕಲಾಶಾಲೆಯ ಮಕ್ಕಳು ಒಂದು ವಾರ. ನಿವೃತ್ತರಾದ ಬ್ಯಾಂಕಿನ ಅಧಿಕಾರಿ ಮತ್ತೊಂದು ವಾರ. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕುಂಚ ಹಿಡಿದ ಗೃಹಿಣಿಯರು ಒಮ್ಮೆ, ಜಿಲ್ಲೆಗಳಿಂದ ಬರುವ ಡ್ರಾಯಿಂಗ್ ಮಾಸ್ತರರು ಒಮ್ಮೆ. ನಡುವೆ ಪತ್ರಿಕೆಗಳಲ್ಲಿ ಹೆಸರು ಬರುವ ದೊಡ್ಡ ಕಲಾವಿದರೂ ಅದೇ ಮೊಳೆಗಳಿಗೆ ತಮ್ಮ ಚಿತ್ರ ತೂಗುಹಾಕುತ್ತಿದ್ದರು. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ಗೋಡೆಗೆ ತಿಳಿಯುತ್ತಿರಲಿಲ್ಲ.

ಆ ಭಾನುವಾರ ನಡೆದ ಒಂದು ಸಂಗತಿಯನ್ನು ನಾನು ಮರೆತಿಲ್ಲ. ಕಬ್ಬನ್ ಉದ್ಯಾನಕ್ಕೆ ಬಂದಿದ್ದ ಒಂದು ಕುಟುಂಬ ಹೆದರುತ್ತ ಹೆದರುತ್ತ ಒಳಗೆ ಬಂದಿತು. ಗಂಡ, ಹೆಂಡತಿ, ಎರಡು ಮಕ್ಕಳು. ಗಂಡ ಬಾಗಿಲಲ್ಲಿ ಚಪ್ಪಲಿ ಬಿಚ್ಚಿದ. ಗುಡಿಯಲ್ಲ, ಮೆಟ್ಟಿಕೊಂಡೇ ಬರಬಹುದು ಎಂದು ಹೇಳಬೇಕಾಯಿತು. ಎಲ್ಲ ಚಿತ್ರಗಳನ್ನೂ ದಾಟುತ್ತ ಬಂದ ಆ ಹೆಣ್ಣುಮಗಳು ನನ್ನ ಶಿಷ್ಯನ ಒಂದು ಚಿತ್ರದೆದುರು ಗಕ್ಕನೆ ನಿಂತಳು. "ಇದು ನಮ್ಮ ಕಡೀ ಲಿಂಬಿ ತ್ವಾಟ ಅಲ್ಲೇನ್ರಿ?" ಎಂದಳು. ಹೌದು, ಅದು ಇಂಡಿ ತಾಲೂಕಿನ ಲಿಂಬೆಯ ತೋಟವೇ ಆಗಿತ್ತು. ಅವರೂ ಇಂಡಿಯವರೇ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಗಿತ್ತು. ಆಕೆ ಕಿರಿಯ ಮಗುವನ್ನು ಎತ್ತಿ ಹಿಡಿದು, "ನೋಡವ್ವಾ, ಅಜ್ಜನ ಹೊಲ ಹಿಂಗಽ ಐತಿ" ಎಂದು ತೋರಿಸಿದಳು. ಆ ಮಗು ಅಜ್ಜನ ಹೊಲವನ್ನು ಎಂದೂ ಕಂಡಿರಲಿಲ್ಲವಂತೆ.

ಆ ವಾರ ಮಾರಾಟವಾದದ್ದು ಒಂದೇ ಚಿಕ್ಕ ಚಿತ್ರ. ಬಸ್ಸಿನ ಖರ್ಚೂ ಹೊರಡಲಿಲ್ಲ. ಆದರೂ ಹಿಂದಿರುಗುವಾಗ ನಾಲ್ವರೂ ಗಾಢವಾಗಿ ನಿದ್ರಿಸಿದರು. ನಿದ್ರೆ ಬಾರದವನು ನಾನು. ನನ್ನ ಕೆಂಪು ಮಸಿ ನನಗೆ ನೆನಪಾಗುತ್ತಿತ್ತು.

ಮುಂದೆ 2015ರಲ್ಲಿ ಈ ಚಿತ್ರಶಾಲೆಯನ್ನು ದತ್ತು ಯೋಜನೆಯಡಿ ನಿರ್ವಹಣೆಗಾಗಿ ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಒಪ್ಪಂದವಾಯಿತು. ಬೆಂಗಳೂರಿನ ಕಲಾವಿದರು ವೆಂಕಟಪ್ಪ ಆರ್ಟ್ ಗ್ಯಾಲರಿ ಫೋರಂ ಎಂಬ ಹೆಸರಿನಲ್ಲಿ ಒಂದುಗೂಡಿದರು. 2016ರಲ್ಲಿ ಪ್ರತಿಭಟನೆ, ಸಭೆ, ಸಂವಾದಗಳು ನಡೆದವು. ಕಲಾವಿದೆ ಪುಷ್ಪಮಾಲಾ ಎನ್. ಮೊದಲಾದವರು ಮುಂದೆ ನಿಂತರು. ನಾನು ಊರಿನಲ್ಲಿ ಕುಳಿತು ಪತ್ರಿಕೆಯಲ್ಲಿ ಇದನ್ನು ಓದುತ್ತಿದ್ದೆ. ಶಿಷ್ಯ ಆಗಾಗ ಕರೆ ಮಾಡಿ ತಿಳಿಸುತ್ತಿದ್ದ.

ಇತಿಹಾಸ ಕಲಿಸಿದವನು ಎರಡೂ ಪಕ್ಷದ ಮಾತನ್ನು ಹೇಳಬೇಕು. ಕಟ್ಟಡದ ನಿರ್ವಹಣೆ ತೃಪ್ತಿಕರವಾಗಿಲ್ಲ, ಅಮೂಲ್ಯ ಕೃತಿಗಳನ್ನು ಕಾಪಾಡಲು ಹಣವೂ ಪರಿಣತಿಯೂ ಬೇಕು ಎಂಬ ವಾದ ಸುಳ್ಳಾಗಿರಲಿಲ್ಲ. ಸರಕಾರಿ ಕಚೇರಿಗಳ ನಿಧಾನವನ್ನು ಬಲ್ಲ ನಮಗೆ ಅದು ಅರ್ಥವಾಗುತ್ತದೆ. ಆದರೆ ಕಲಾವಿದರು ಕೇಳಿದ ಪ್ರಶ್ನೆಯೂ ಅಷ್ಟೇ ನಿಜವಾಗಿತ್ತು: ಕಟ್ಟಡ ಸುಂದರವಾದ ಮೇಲೆ ಅರ್ಜಿ ಹಾಕಿ ಕಾಯುವ ಡ್ರಾಯಿಂಗ್ ಮಾಸ್ತರನಿಗೆ ಅಲ್ಲಿ ಗೋಡೆ ಉಳಿಯುತ್ತದೆಯೆ? ಕೊನೆಗೆ ಆ ಯೋಜನೆ ಜಾರಿಗೆ ಬರಲಿಲ್ಲ. ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಎಂಬ ಸಂಸ್ಥೆ ಅದೇ ಕಸ್ತೂರಬಾ ರಸ್ತೆಯಲ್ಲಿ ತನ್ನದೇ ಹೊಸ ಕಟ್ಟಡವನ್ನು ಕಟ್ಟಿಕೊಂಡು 2023ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಹೀಗೆ ಆ ರಸ್ತೆಗೆ ಒಂದು ಹೊಸ ಸಂಗ್ರಹಾಲಯವೂ ದೊರೆಯಿತು, ಹಳೆಯ ಗೋಡೆಯೂ ಪರಭಾರೆಯಾಗಲಿಲ್ಲ. ಜಗಳವಾಡಿದ್ದು ವ್ಯರ್ಥವಾಗಲಿಲ್ಲ ಎಂದು ನನ್ನ ಭಾವನೆ.

ಬೆಂಗಳೂರಿನ ಗೋಡೆಯ ಮಾತು ನಮಗೇಕೆ ಎಂದು ಸಿಂದಗಿ, ಕನ್ನೊಳ್ಳಿಯ ಕಡೆಯ ನನ್ನ ಬಂಧುಗಳು ಕೇಳಬಹುದು. ಅದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ.

1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನ ಕಾಲದಲ್ಲಿ ಬಿಜಾಪುರದ ಚಿತ್ರಕಲೆ ಹಿಂದೂಸ್ಥಾನದಲ್ಲಿಯೇ ಹೆಸರಾಗಿತ್ತು. ಆ ಚಿತ್ರಗಳು ಈಗ ಎಲ್ಲಿವೆ? ಹಕ್ಕಿಯೊಡನೆ ನಿಂತ ಯೋಗಿನಿಯ ಜಗತ್ಪ್ರಸಿದ್ಧ ಚಿತ್ರ ಐರ್ಲೆಂಡಿನ ಡಬ್ಲಿನ್ನಿನಲ್ಲಿದೆ. ಆದಿಲಶಾಹಿ ಸುಲ್ತಾನರೆಲ್ಲರನ್ನೂ ಒಟ್ಟಿಗೆ ಕೂರಿಸಿ, 1680ರ ಸುಮಾರಿಗೆ ಕಮಾಲ ಮುಹಮ್ಮದ ಮತ್ತು ಚಾಂದ ಮುಹಮ್ಮದ ಎಂಬಿಬ್ಬರು ಬರೆದ ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿದೆ. 2015ರಲ್ಲಿ, ವೆಂಕಟಪ್ಪ ಚಿತ್ರಶಾಲೆಯ ಒಪ್ಪಂದವಾದ ವರ್ಷದಲ್ಲಿಯೇ, ಆ ಸಂಗ್ರಹಾಲಯವು ದಖ್ಖನಿನ ಸುಲ್ತಾನರ ಕಲೆಯ ಬಗ್ಗೆ ದೊಡ್ಡ ಪ್ರದರ್ಶನ ನಡೆಸಿತು. ನಮ್ಮ ಮಣ್ಣಿನ ಚಿತ್ರಗಳನ್ನು ನೋಡಲು ನ್ಯೂಯಾರ್ಕಿನವರು ಸಾಲುಗಟ್ಟಿದರು. ನಮ್ಮ ಮಕ್ಕಳು ಅವನ್ನು ಪುಸ್ತಕದಲ್ಲಿಯೂ ಕಂಡಿಲ್ಲ.

ದೂರ ಹೋದವುಗಳ ಮಾತು ಬಿಡಿ. ವಿಜಯಪುರದಿಂದ ಸಿಂದಗಿಗೆ ಬರುವ ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಕುಮಟಗಿ ಇದೆ. ಅಲ್ಲಿ ಆದಿಲಶಾಹಿ ಅರಸರ ಜಲವಿಹಾರದ ಮಂಟಪಗಳಿವೆ. ಕೆರೆಯ ನೀರನ್ನು ಕೊಳವೆಗಳ ಮೂಲಕ ತಂದು ಕಾರಂಜಿಯಾಗಿ ಚಿಮ್ಮಿಸುತ್ತಿದ್ದ ವ್ಯವಸ್ಥೆಯನ್ನು ಈಗಲೂ ಗುರುತಿಸಬಹುದು. ಗೋಡೆಗಳ ಮೇಲೆ ಕುದುರೆಯೇರಿ ಚೆಂಡಾಡುವವರು, ಕುಸ್ತಿಪಟುಗಳು, ವಾದ್ಯ ನುಡಿಸುವವರು, ವಿದೇಶೀಯರು ಚಿತ್ರಿತರಾಗಿದ್ದರು. ಬಹುಪಾಲು ಮಾಸಿ, ಕೆರೆದು, ಅಳಿದುಹೋಗಿವೆ. ನಾನು ಪ್ರತಿವರ್ಷ ಮಕ್ಕಳನ್ನು ಗೋಲಗುಂಬಜಕ್ಕೆ ಪ್ರವಾಸ ಕರೆದೊಯ್ಯುತ್ತಿದ್ದೆ. ನಮ್ಮ ಬಸ್ಸು ಕುಮಟಗಿಯನ್ನು ದಾಟಿಯೇ ಹೋಗುತ್ತಿತ್ತು. ಸೇವೆಯುದ್ದಕ್ಕೂ ಒಂದು ಸಲವೂ ನಾನು ಬಸ್ಸನ್ನು ನಿಲ್ಲಿಸಲಿಲ್ಲ. ಪಠ್ಯಪುಸ್ತಕದಲ್ಲಿ ಅದರ ಹೆಸರಿಲ್ಲ ಎಂಬುದೊಂದೇ ಕಾರಣ. ನೋಡುವವರಿಲ್ಲದ ಚಿತ್ರವನ್ನು ಕಾಯುವವರೂ ಇರುವುದಿಲ್ಲ. ಗೋಡೆಯ ಮೇಲೆ ಹೆಸರು ಕೆತ್ತಿದವರು ಆ ಚಿತ್ರವನ್ನು ಹಾಳುಮಾಡಿದ್ದಾರೆ, ನಿಜ. ಅದನ್ನು ತೋರಿಸದೆ ದಾಟಿಹೋದ ನನ್ನಂಥ ಮಾಸ್ತರನಿಗೂ ಆ ಪಾಪದಲ್ಲಿ ಪಾಲಿದೆ.

ಆದ್ದರಿಂದ, ಚಿತ್ರವನ್ನು ಏಕೆ ತೋರಿಸಬೇಕು ಎಂದು ಕೇಳುವವರಿಗೆ ನಾನು ಇಷ್ಟನ್ನು ಹೇಳುತ್ತೇನೆ. ಅರಸನ ಚಿತ್ರ ಅರಸನ ಗೋಡೆಯ ಮೇಲಿತ್ತು. ಅರಸು ಹೋದ ಮೇಲೆ ಅದು ಅನಾಥವಾಯಿತು. ಜನರ ಗೋಡೆಯ ಮೇಲಿರುವ ಚಿತ್ರಕ್ಕೆ ಜನರು ಜಗಳವಾಡುತ್ತಾರೆ. ಅಂಥ ಗೋಡೆ ರಾಜಧಾನಿಯಲ್ಲಿ ಒಂದಿದ್ದರೆ ಸಾಲದು.

ಕಳೆದ ಶನಿವಾರ ಶಿಷ್ಯನ ಶಾಲೆಗೆ ಹೋಗಿ ಬಂದೆ. ಪಡಸಾಲೆಯ ಕಂಬದಿಂದ ಕಂಬಕ್ಕೆ ಸಣ್ಣ ಹಗ್ಗ, ಬಟ್ಟೆ ಒಣಗಿಸುವ ಚಿಮಟಿಗಳು, ಅವುಗಳಲ್ಲಿ ಕಾಗದದ ಚಿತ್ರಗಳು. ಅಷ್ಟೇ ಅವರ ಚಿತ್ರಶಾಲೆ. ಜೂನ್‌ನಲ್ಲಿ ಮಳೆ ಮತ್ತು ಬಿತ್ತನೆ, ಆಗಸ್ಟಿನಲ್ಲಿ ಸ್ವಾತಂತ್ರ್ಯ, ನವೆಂಬರಿನಲ್ಲಿ ನಾಡು, ಜನವರಿಯಲ್ಲಿ ಎಳ್ಳಮವಾಸ್ಯೆಯ ಚರಗ, ಹೀಗೆ ತಿಂಗಳಿಗೊಂದು ವಿಷಯ. ಕೊನೆಯದಕ್ಕೆ 'ನಮ್ಮ ಮನೆಯವರು' ಎಂದು ಹೆಸರಿಟ್ಟಿದ್ದರು. ಮೊದಲ ತಿಂಗಳುಗಳಲ್ಲಿ ಪಾಲಕರು ಯಾರೂ ಬಂದಿರಲಿಲ್ಲವಂತೆ. ಅಂದು ಹೊಲದ ಕೆಲಸ ಬಿಟ್ಟು ಹಲವರು ಬಂದಿದ್ದರು. ಒಬ್ಬ ತಾಯಿ ರೊಟ್ಟಿ ಬಡಿಯುವ ಹೆಂಗಸಿನ ಚಿತ್ರದೆದುರು ನಿಂತು, "ನನ್ನ ಸೀರಿ ಬಣ್ಣ ಇದಲ್ಲೋ" ಎಂದು ಮಗನನ್ನು ಗದರಿದಳು. ಆದರೆ ಅಲ್ಲಿಂದ ಕದಲಲಿಲ್ಲ.

ನನ್ನ ಸರದಿ ಬಂದಾಗ, ಮೇಲೆ ಬರೆದದ್ದರಲ್ಲಿ ಅರ್ಧದಷ್ಟನ್ನು ಹೇಳಿದೆ. ಕೊನೆಗೆ ಎಲ್ಲರ ಎದುರು ಶಿಷ್ಯನಿಗೆ, "ತಮ್ಮಾ, ನಿನ್ನ ಡ್ರಾಯಿಂಗ್ ಪೀರಿಯಡ್ ಎಷ್ಟೋ ತಗೊಂಡೀನಿ, ತಿರುಗಿ ಕೊಡಾಕ ಆಗೂದಿಲ್ಲ" ಎಂದೆ. ಅವನು ನಕ್ಕು, "ಇರ್ಲಿ ಬಿಡ್ರಿ ಸರ್. ಮುಂದಿನ ವರ್ಷದ ಪ್ರವಾಸಕ್ಕ ಬಸ್ ಗೊತ್ತು ಮಾಡೀನಿ. ಕುಮಟಗ್ಯಾಗ ನಿಲ್ಲಸೂದೈತಿ, ನೀವು ಬಂದು ಹುಡುಗರಿಗೆ ಹೇಳ್ರಿ" ಎಂದ.

ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಆ ಭಾಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ನಿಮ್ಮ ಮಕ್ಕಳೊಡನೆ ಅಂದು ಬಂದರೆ ಸಂತೋಷ. ನಿಮ್ಮಿಂದಲೂ ನಾನು ಕೆಲವು ಪೀರಿಯಡ್‌ಗಳನ್ನು ಪಡೆದವನೇ.