ಜೋಡಾಟದ ನಡುವೆ ನಿಂತು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬೆಳೆದವರಿಗೆ ಜೋಡಾಟ ಹೊಸದಲ್ಲ. ಒಂದೇ ಬಯಲು, ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಚಿಕ್ಕವನಿದ್ದಾಗ ನಾನು ಎರಡರ ನಡುವೆ ಹೋಗಿ ನಿಲ್ಲುತ್ತಿದ್ದೆ. “ಒಂದ್ ಬದಿಗ್ ಹೋಯಿ ಕೂಕೋ ಮಗಾ, ನಡುಕ್ ನಿಂತ್ರೆ ಎಂತದೂ ಕೇಂತಿಲ್ಲ” ಎಂದು ಅಜ್ಜ ಗದರುತ್ತಿದ್ದರು.

ನನಗೆ ಮಾತ್ರ ಕೇಳುತ್ತಿತ್ತು. ಎಡಗಡೆಯ ಭಾಗವತರ ಶ್ರುತಿ ಒಂದು, ಬಲಗಡೆಯವರದು ಇನ್ನೊಂದು. ಎರಡು ಚಂಡೆಗಳ ಪೆಟ್ಟು ಕೂಡಿದಂತಾಗಿ ಮರುಗಳಿಗೆಯೇ ಜಾರುತ್ತಿತ್ತು. ಅದನ್ನು ಗದ್ದಲವೆನ್ನಲು ಮನಸ್ಸು ಒಪ್ಪಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಮೆರಿಕದ ಚಾರ್ಲ್ಸ್ ಐವ್ಸ್ ಅವರ ‘ಥ್ರೀ ಪ್ಲೇಸಸ್ ಇನ್ ನ್ಯೂ ಇಂಗ್ಲೆಂಡ್’ ಕೇಳಿದೆ. ಅದರ ಎರಡನೆಯ ಭಾಗದಲ್ಲಿ ಎರಡು ಬ್ಯಾಂಡುಗಳು ಎದುರಾದಂತೆ ಲಯಗಳು ಡಿಕ್ಕಿ ಹೊಡೆಯುತ್ತವೆ. ಐವ್ಸ್ ಅವರ ತಂದೆ ಊರಿನ ಬ್ಯಾಂಡ್‌ಮಾಸ್ಟರ್. ಜೋಡಾಟದ ಬಯಲು ಥಟ್ಟನೆ ನೆನಪಾಯಿತು.

ಇಂಥ ಘರ್ಷಣೆಗೆ ನಿಯಮ ಕಟ್ಟಿದವರು ಚಾರ್ಲ್ಸ್ ಸೀಗರ್. ಕೌಂಟರ್‌ಪಾಯಿಂಟ್ ಎಂದರೆ ಹಲವು ಸ್ವತಂತ್ರ ರಾಗಧಾರೆಗಳನ್ನು ಒಟ್ಟಿಗೆ ನಡೆಸುವ ವಿದ್ಯೆ. ಯುರೋಪಿನ ಹಳೆಯ ಪಾಠದಲ್ಲಿ ಹೊಂದದ ಸ್ವರ ಬರಬೇಕಾದರೆ ಮೊದಲೇ ಸಿದ್ಧತೆ ಬೇಕು, ಬಂದ ಮೇಲೆ ಹೊಂದುವ ಸ್ವರಕ್ಕೆ ಇಳಿದು ಸಮಾಧಾನ ಕಾಣಬೇಕು. 1910ರ ದಶಕದಲ್ಲಿ ಬರ್ಕ್ಲಿಯಲ್ಲಿ ಕಲಿಸುತ್ತಿದ್ದ ಸೀಗರ್ ಇದನ್ನು ತಲೆಕೆಳಗು ಮಾಡಿದರು: ಹೊಂದದಿರುವುದೇ ಸಹಜ, ಹೊಂದಿಕೆಗೇ ಅನುಮತಿ ಬೇಕು. ರುತ್ ಕ್ರಾಫರ್ಡ್ ಅವರ 1931ರ ಸ್ಟ್ರಿಂಗ್ ಕ್ವಾರ್ಟೆಟ್ ಈ ದಾರಿಯ ದೊಡ್ಡ ಫಲ. ಅದರ ಮೂರನೆಯ ಭಾಗದಲ್ಲಿ ನಾಲ್ಕು ವಾದ್ಯಗಳ ದನಿ ಬೇರೆ ಬೇರೆ ಹೊತ್ತಿಗೆ ಏರಿ ಇಳಿಯುತ್ತದೆ.

ನಮ್ಮ ಕೋಟದ ಶಿವರಾಮ ಕಾರಂತರೂ ಯಕ್ಷಗಾನದ ನಾದವನ್ನು ಕೆಣಕಿದವರೇ. ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರು ತಮ್ಮ ಪ್ರಯೋಗಗಳಿಗೆ ಪಿಟೀಲು, ಸ್ಯಾಕ್ಸೊಫೋನ್ ತಂದರು. ಪರಂಪರೆ ಕೆಟ್ಟಿತೆಂದು ಹಲವರು ಸಿಟ್ಟಾದರು. ನನಗೆ ಕಾಣುವಂತೆ, ಆ ವಾದ್ಯಗಳು ಭಾಗವತರ ರಾಗಕ್ಕೆ ಒತ್ತಾಸೆಯಾಗಿ ಬಂದವೇ ಹೊರತು ಎದುರಾಳಿಯಾಗಿ ಅಲ್ಲ. ಹೊಸ ವಾದ್ಯ ಬಂದ ಮಾತ್ರಕ್ಕೆ ನಾದದ ನಿಯಮ ಬದಲಾಗುವುದಿಲ್ಲ. ಆ ನಿಯಮ ಮುರಿಯುತ್ತಿದ್ದದ್ದು, ಯಾರೂ ಪ್ರಯೋಗವೆಂದು ಕರೆಯದ ಜೋಡಾಟದಲ್ಲಿ.

ಹಾಗೆಂದು ಜೋಡಾಟವನ್ನು ಕೌಂಟರ್‌ಪಾಯಿಂಟ್ ಎಂದುಬಿಟ್ಟರೆ ತಪ್ಪಾಗುತ್ತದೆ. ಕ್ರಾಫರ್ಡ್ ಪ್ರತಿ ಸ್ವರವನ್ನೂ ತೂಗಿ ಬರೆದವರು. ಇಲ್ಲಿ ಬರೆದವರಿಲ್ಲ, ಇರುವುದು ಪೈಪೋಟಿ. ಆದರೆ ಪಕ್ಕದ ಚಂಡೆ ಕಿವಿಗೆ ಬಡಿಯುತ್ತಿರುವಾಗಲೂ ಭಾಗವತರು ತಮ್ಮ ಶ್ರುತಿ ಬಿಡಬಾರದು. ಎದುರಿನವನನ್ನು ಕೇಳಿಸಿಕೊಂಡೂ ಅವನೊಳಗೆ ಕರಗದಿರುವುದು: ಸೀಗರ್ ತಮ್ಮ ಶಿಷ್ಯರಿಂದ ಬಯಸಿದ್ದೂ ಇದನ್ನೇ.

ಪ್ರಸಂಗ ತಿಳಿಯಬೇಕಾದರೆ ಅಜ್ಜ ಹೇಳಿದ್ದೇ ಸರಿ, ಒಂದು ಬದಿಗೆ ಕೂರಬೇಕು. ನಾನು ನಡುವೆ ನಿಂತದ್ದು ಬೇರೆಯದಕ್ಕೆ.