ರಕ್ಷಣೆ ಮತ್ತು ನ್ಯಾಯತೀರ್ಪು: ಗದಗ–ಗಜೇಂದ್ರಗಡ ಸೀಮೆಯಲ್ಲಿ ಕ್ರೈಸ್ತ ಬೋಧನೆಯ ಚರಿತ್ರೆ

ಮನುಷ್ಯ ತನ್ನ ಪುಣ್ಯಕಾರ್ಯಗಳಿಂದ ಪಾಪದ ಋಣ ತೀರಿಸಿಕೊಳ್ಳಲಾರ, ಯೇಸು ಕ್ರಿಸ್ತನ ಶಿಲುಬೆಯ ಮರಣದಿಂದಲೇ ಅವನಿಗೆ ಕ್ಷಮೆ ಎಂಬುದು ಕ್ರೈಸ್ತರ ರಕ್ಷಣಾಬೋಧೆಯ ತಿರುಳು. ಲೋಕಾಂತ್ಯದಲ್ಲಿ ಕ್ರಿಸ್ತನು ಮರಳಿ ಬಂದು ಎಲ್ಲರಿಗೂ ತೀರ್ಪು ಕೊಡುವನೆಂಬ ನಂಬಿಕೆ ಅದಕ್ಕೆ ಜೋಡಿಯಾಗಿದೆ. ಇವೆರಡರ ನಡುವೆ ಒಂದು ಬಿಗಿತ ಮೊದಲಿನಿಂದಲೂ ಇದೆ. ಪೌಲನ ಪತ್ರಗಳು ರಕ್ಷಣೆಯನ್ನು ಕೃಪೆಯ ದಾನವೆನ್ನುತ್ತವೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಾದರೋ ಹಸಿದವನಿಗೆ ಉಣಿಸಿದೆಯಾ, ಸೆರೆಯಲ್ಲಿದ್ದವನನ್ನು ಕಂಡೆಯಾ ಎಂಬುದರ ಮೇಲೆ ತೀರ್ಪು ನಿಲ್ಲುತ್ತದೆ. ಹದಿನಾರನೆಯ ಶತಮಾನದಲ್ಲಿ ಯುರೋಪಿನ ಸಭೆ ಒಡೆಯಲು ಇದರ ವಿವಾದವೂ ಒಂದು ಮುಖ್ಯ ಕಾರಣ. ಲೂಥರನ್ ಮತ್ತು ಕ್ಯಾಥೊಲಿಕ್ ಸಭೆಗಳು ಈ ವಿಷಯದಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ.

ಈ ಬೋಧನೆ ಅಚ್ಚಿನ ಮೂಲಕ ಕನ್ನಡಕ್ಕೆ ಬರಲು ಬಳ್ಳಾರಿ ದಾರಿಯಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಬೈಬಲಿನ ಅನುವಾದಕ್ಕೆ ತೊಡಗಿದ. ಇಡೀ ಬೈಬಲ್ 1831ರ ಹೊತ್ತಿಗೆ ಮುದ್ರಣಗೊಂಡಿತು. ರೋಣ, ಗಜೇಂದ್ರಗಡ, ನರಗುಂದ ಭಾಗಕ್ಕೆ ಬೋಧಕರು ಬಂದದ್ದು ಮಾತ್ರ ಬಾಸೆಲ್ ಮಿಷನ್ನಿನಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಸಂಸ್ಥೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ಹೂಡಿತು. ಕೊನೆಯ ಎರಡು ಠಾಣ್ಯಗಳು ನೇಕಾರರ ಊರುಗಳು. ಸೀರೆಗೆ ಹೆಸರಾದ ಗಜೇಂದ್ರಗಡ ಇವೆರಡರ ನಡುವಣ ಸೀಮೆಗೆ ಸೇರಿದ್ದು.

ಬಾಸೆಲ್ ಬೋಧಕರಲ್ಲಿ ಹಲವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗಿನವರು, ಹೃದಯದ ಪರಿವರ್ತನೆಗೆ ಒತ್ತು ಕೊಡುವ ಪಯಟಿಸ್ಟ್ ಪರಂಪರೆಯಲ್ಲಿ ಬೆಳೆದವರು. ಆ ಪರಂಪರೆಯ ದೊಡ್ಡ ವಿದ್ವಾಂಸ ಬೆಂಗೆಲ್ ಬೈಬಲಿನ ಪ್ರಕಟನೆ ಗ್ರಂಥವನ್ನು ಲೆಕ್ಕ ಹಾಕಿ, 1836ರಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಮೊದಲಾಗುವುದೆಂದು ಸೂಚಿಸಿದ್ದ. ಆ ವರ್ಷ ಏನೂ ಆಗದೆ ಕಳೆಯಿತು, ಆದರೆ ಅಂತ್ಯಕಾಲದ ನಿರೀಕ್ಷೆ ಅವರ ಮನಸ್ಸಿನಿಂದ ಅಳಿಯಲಿಲ್ಲ.

ಇತ್ತ ಬಯಲುಸೀಮೆಯಲ್ಲಿಯೂ ಅಂಥ ನಿರೀಕ್ಷೆ ಹಳೆಯದಾಗಿತ್ತು. ಕೊಡೇಕಲ್ಲ ಬಸವಣ್ಣನ ಪರಂಪರೆಯೇ ಮೊದಲಾದ ಕಾಲಜ್ಞಾನ ಸಾಹಿತ್ಯ, ಕಲಿಯುಗದ ಕೊನೆಗೆ ವೀರವಸಂತರಾಯನೆಂಬ ಅರಸ ಬಂದು ದುಷ್ಟರನ್ನು ದಂಡಿಸಿ ಧರ್ಮವನ್ನು ನೆಲೆಗೊಳಿಸುವನೆಂದು ಸಾರುತ್ತಿತ್ತು. 1840ರ ಆಸುಪಾಸಿನಲ್ಲಿ ಈ ಮತದ ಕೆಲವರು ಮಿಷನರಿಗಳನ್ನು ಕಂಡು, ತಮ್ಮ ಗ್ರಂಥಗಳು ಹೇಳಿದ್ದು ಈ ಬೋಧಕರ ಬಗ್ಗೆಯೇ ಇರಬೇಕೆಂದರು. ತಮ್ಮ ನಡುವೆ ನೆಲೆಸಿದರೆ ಕ್ರೈಸ್ತರಾಗುವುದಾಗಿಯೂ ತಿಳಿಸಿದರು. ಗದಗಿನ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಒಕ್ಕಲುತನದ ವಸತಿಯೊಂದು ಹುಟ್ಟಿದ್ದು ಇದರಿಂದಲೇ. ಹೊಸದಾಗಿ ನಂಬಿದವರು ಜಾತಿಯಿಂದ ಹೊರಬಿದ್ದರೆ ಉಣ್ಣಲು ಹೊಲ ಬೇಕು ಎಂಬುದು ಅದರ ಲೆಕ್ಕಾಚಾರ. ಆದರೆ ನಿರೀಕ್ಷಿಸಿದ ಜನ ಬರಲಿಲ್ಲ, ಬಂದವರಲ್ಲಿ ಹೆಚ್ಚಿನವರು ನಿಲ್ಲಲಿಲ್ಲ. ಕಾಲಜ್ಞಾನಿಗಳದು ಬರೀ ಹೊಲದಾಸೆ ಎಂದು ದೂರುವುದು ಸುಲಭ. ಅವರು ಕಾದಿದ್ದದ್ದು ನ್ಯಾಯ ನಡೆಸುವ ಅರಸನಿಗೆ, ಬೋಧಕರು ಕೇಳಿದ್ದು ಒಬ್ಬೊಬ್ಬನ ಪಾಪದ ಅರಿಕೆಯನ್ನು. ಎರಡೂ ತೀರ್ಪಿನ ಮಾತೇ ಆದರೂ ಒಂದು ನಾಡಿನದು, ಇನ್ನೊಂದು ಒಳಮನಸ್ಸಿನದು.

ಬೋಧನೆಯನ್ನು ಬಾಳಿಗೆ ಇಳಿಸುವ ಕೆಲಸ ಸಭಾಕ್ರಮದ ಮೂಲಕ ನಡೆಯಿತು. ದೀಕ್ಷಾಸ್ನಾನಕ್ಕೆ ಮುನ್ನ ಪಾಠ ಕಲಿಯಬೇಕಿತ್ತು, ಜಾತಿಭೇದ ಬಿಡಬೇಕಿತ್ತು. ಕುಡಿತ, ಜಗಳ, ಭಾನುವಾರದ ದುಡಿಮೆ ಇವು ಸಭಾಹಿರಿಯರ ವಿಚಾರಣೆಗೆ ಬರುತ್ತಿದ್ದವು. ತಪ್ಪಿತಸ್ಥನನ್ನು ಕರ್ತನ ಭೋಜನದಿಂದ ದೂರವಿಟ್ಟು, ಪಶ್ಚಾತ್ತಾಪ ಕಂಡ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ರಕ್ಷಣೆ ಕೃಪೆಯಿಂದ ಮಾತ್ರ ಎಂದು ಸಾರಿದ ಸಭೆ ನಡತೆಯ ಲೆಕ್ಕವನ್ನು ಇಷ್ಟು ಬಿಗಿಯಾಗಿ ಇಟ್ಟಿತ್ತೆಂಬುದು ವಿಚಿತ್ರವೇ. ಕೃಪೆ ಪಡೆದವನ ಬದುಕಿನಲ್ಲಿ ಅದರ ಫಲ ಕಾಣಬೇಕೆಂಬುದು ಅವರ ಸಮಜಾಯಿಷಿ. 1876–78ರ ಬರಗಾಲದಲ್ಲಿ ಧಾರವಾಡ, ಕಲಾದಗಿ ಜಿಲ್ಲೆಗಳು ತತ್ತರಿಸಿದಾಗ ಠಾಣ್ಯಗಳು ಅನಾಥ ಮಕ್ಕಳಿಗೂ ಹಸಿದವರಿಗೂ ಆಸರೆಯಾದವು, ಸಭೆಗಳೂ ಬೆಳೆದವು. ಹೊಟ್ಟೆಯ ಸಂಕಟ ಯಾವುದು, ಆತ್ಮದ ಸಂಕಟ ಯಾವುದು ಎಂಬ ಪ್ರಶ್ನೆ ಮತಾಂತರದ ಜೊತೆಗೇ ಬಂತು.

ಬರವಣಿಗೆಯ ಕಡೆ ನೋಡಿದರೆ, ಇಂಗ್ಲಿಷ್ ಲೇಖಕ ಬನಿಯನ್ನನ ಪ್ರಸಿದ್ಧ ರೂಪಕಕಥೆ 1847ರಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ಬಂತು. ನಾಶದ ಪಟ್ಟಣ ಬಿಟ್ಟು ಹೊರಟವನ ಈ ಕಥೆ ರಕ್ಷಣೆಯನ್ನು ಒಂದು ದೀರ್ಘ ಪಯಣವಾಗಿ ತೋರಿಸುತ್ತದೆ. ನಿಘಂಟುಕಾರ ಕಿಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಛಂದಸ್ಸಿಗೆ ತಂದ.

ಇವರೆಲ್ಲರಿಗಿಂತ ಒಳಗಿನಿಂದ ಈ ವಿಷಯವನ್ನು ಚಿಂತಿಸಿದವರು ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962). ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಅವರು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದರು, ಶರಣರ ಬಗ್ಗೆ ಸಂಶೋಧನೆ ನಡೆಸಿದರು, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನ ಮರಣ ಮತ್ತು ಪುನರುತ್ಥಾನಗಳನ್ನು ಕುರಿತ ಅವರ ಕೃತಿಯ ಹೆಸರು ‘ಮೃತ್ಯುಂಜಯ’. ಕ್ರಿಸ್ತನಲ್ಲಿ ನಂಬಿಕೆ ಇಡಲು ಶರಣರನ್ನೂ ಸರ್ವಜ್ಞನನ್ನೂ ತೊರೆಯಬೇಕಿಲ್ಲ ಎಂಬುದಕ್ಕೆ ಅವರ ಬಾಳೇ ದೊಡ್ಡ ವಾದ. ಮೊದಲ ತಲೆಮಾರಿನ ಬೋಧಕರಿಗೆ ಇದು ಸಾಧ್ಯವಾಗಿರಲಿಲ್ಲ.

ಬಾಸೆಲ್ ಮಿಷನ್ನಿನಂಥ ಪ್ರಾಟೆಸ್ಟೆಂಟರಿಗಿಂತ ಮೊದಲೇ, ಈ ಸೀಮೆಯ ಪೂರ್ವಕ್ಕೆ ಮುದಗಲ್ಲಿನಲ್ಲಿ ಕ್ಯಾಥೊಲಿಕ್ ಸಭೆ ನೆಲೆಯೂರಿತ್ತು. ತೀರ್ಪಿನ ವಿಷಯದಲ್ಲಿ ಅದರ ಬೋಧೆಗೆ ಒಂದು ವ್ಯತ್ಯಾಸವಿದೆ. ಕೃಪೆಯಲ್ಲಿ ಸತ್ತರೂ ಪೂರ್ತಿ ಶುದ್ಧರಾಗದ ಆತ್ಮಗಳು ಶುದ್ಧೀಕರಣಕ್ಕೆ ಒಳಗಾಗುತ್ತವೆಂದು ಅದು ನಂಬುತ್ತದೆ. ಆದ್ದರಿಂದ ನವೆಂಬರ್ 2ರಂದು ಸತ್ತವರಿಗಾಗಿ ಬಲಿಪೂಜೆ ಅರ್ಪಿಸುತ್ತದೆ. ಬಾಸೆಲ್ ಪರಂಪರೆ ಇದನ್ನು ಒಪ್ಪುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಬೋಧಕರು ಸೆರೆಗೆ ಹೋದ ಮೇಲೆ ಸಭೆಗಳ ಹೊಣೆ ಕ್ರಮೇಣ ಸ್ಥಳೀಯರ ಕೈಗೆ ಬಂತು. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ ಈ ಭಾಗದ ಸಭೆಗಳೂ ಮುಂದೆ ಸೇರಿದವು. ಇಂದು ಅವು ಧಾರವಾಡ ಕೇಂದ್ರವಾದ ಉತ್ತರ ಕರ್ನಾಟಕದ ಸಭಾಪ್ರಾಂತದಲ್ಲಿವೆ. ಗದಗ–ಬೆಟಗೇರಿಯಲ್ಲಿ ಮಿಷನ್ ಕಟ್ಟಿದ ಆಸ್ಪತ್ರೆಯನ್ನು ಜನ ಈಗಲೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ.